ಬೀದಿಯಿಂದ ಗಾದಿಗೆ

ಕಾರ್ಮಿಕ ಸಂಘದ ಮುಖಂಡರು ರಾಜಕಾರಣಕ್ಕೆ ಬರುವುದು ನಮ್ಮ ದೇಶದಲ್ಲಿ ಹೊಸ ಸಂಗತಿಯೇನಲ್ಲ. 1928ರಲ್ಲಿ ಬಂಗಾಳ ನಾಗಪುರ ರೈಲ್ವೆಯ ನೌಕರರ ಮುಷ್ಕರವನ್ನು ಮುನ್ನಡೆಸಿದ ವಿ. ವಿ. ಗಿರಿಯವರು ಮುಂದೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದರು. 1969ರಲ್ಲಿ ರಾಷ್ಟ್ರಪತಿಯೇ ಆದರು. ಆದರೆ ಇಂಥ ಬಾಳುಗಳನ್ನು ನೋಡುವಾಗ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ. ಹೊರಗೆ ನಿಂತು ಕೇಳುವವನ ಧರ್ಮ ಒಂದು, ಒಳಗೆ ಕುಳಿತು ಉತ್ತರ ಹೇಳುವವನ ಧರ್ಮ ಇನ್ನೊಂದು. ಒಬ್ಬನೇ ಮನುಷ್ಯ ಈ ಎರಡೂ ಕಡೆ ಬಾಳಬೇಕಾಗಿ ಬಂದಾಗ ಏನಾಗುತ್ತದೆ? ಅವನನ್ನು ನಂಬಿದವರಿಗೆ ಏನಾಗುತ್ತದೆ? ಈ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ಕರಾವಳಿಯಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ಬಾಳನ್ನು ಒಮ್ಮೆ ಪರಾಮರ್ಶಿಸೋಣ.

ಅವರು ಹುಟ್ಟಿದ್ದು 1930ನೆಯ ಇಸವಿ ಜೂನ್ 3ರಂದು, ಮಂಗಳೂರಿನಲ್ಲಿ, ಕೊಂಕಣಿ ಮಾತನಾಡುವ ಕ್ರೈಸ್ತ ಕುಟುಂಬದಲ್ಲಿ. ಆರು ಮಕ್ಕಳಲ್ಲಿ ಹಿರಿಯವರು. ಜೂನ್ 3 ಆಗಿನ ಚಕ್ರವರ್ತಿ ಐದನೆಯ ಜಾರ್ಜರ ಹುಟ್ಟುಹಬ್ಬವೂ ಹೌದು. ತಾಯಿ ಆಲಿಸ್ ಅವರಿಗೆ ಆ ದೊರೆಯ ಮೇಲೆ ಅಭಿಮಾನ. ಮಗನಿಗೆ ಅವರ ಹೆಸರನ್ನೇ ಇಟ್ಟರು. ದೊರೆಯ ಹೆಸರು ಹೊತ್ತ ಆ ಮಗು ದೊರೆತನದ ವಿರುದ್ಧವೇ ಬೆಳೆಯಿತೆನ್ನುವುದು ಬಾಳಿನ ಮೊದಲ ವಿನೋದ.

ಮಗ ಪಾದ್ರಿಯಾಗಲೆಂದು ಮನೆಯವರ ಹಂಬಲ. ಹದಿನಾರರ ಹುಡುಗ 1946ರಲ್ಲಿ ಬೆಂಗಳೂರಿನ ಗುರುಮಠವನ್ನು ಸೇರಿದರು. ಎರಡೂವರೆ ವರ್ಷ ತತ್ತ್ವಶಾಸ್ತ್ರ ಓದಿದರು, ಲ್ಯಾಟಿನ್ ಕಲಿತರು, ಆಮೇಲೆ ಬಿಟ್ಟು ಹೊರಟರು. ಅಲ್ಲಿ ಗುರುಗಳು ಎತ್ತರದ ಮೇಜುಗಳಲ್ಲಿ ಕುಳಿತು ಒಳ್ಳೆಯ ಊಟ ಮಾಡುತ್ತಿದ್ದರು, ವಿದ್ಯಾರ್ಥಿಗಳಿಗೆ ಬೇರೆ ಊಟ; ಬೋಧೆಗೂ ಆಚರಣೆಗೂ ನಡುವೆ ಇದ್ದ ಈ ಅಂತರವನ್ನು ಸಹಿಸಲಾಗಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡರು. ಊಟದ ಪಂಕ್ತಿಯಲ್ಲಿ ಕಂಡ ಭೇದ ಒಬ್ಬ ತರುಣನ ದಾರಿಯನ್ನೇ ಬದಲಿಸಿತೆಂಬುದು ಪಂಕ್ತಿಭೇದವನ್ನು ಚೆನ್ನಾಗಿ ಬಲ್ಲ ನಮಗೆ ಅರ್ಥವಾಗದ ಮಾತಲ್ಲ.

ಮಂಗಳೂರಿಗೆ ಮರಳಿ ಬಂದವರು ಹೋಟೆಲುಗಳ ಮಾಣಿಗಳನ್ನೂ ಮೋಟಾರು ಸಾರಿಗೆಯ ಕೆಲಸಗಾರರನ್ನೂ ಸಂಘಟಿಸಲು ತೊಡಗಿದರು. ಅದೇ 1949ರಲ್ಲಿ 'ಕೊಂಕಣಿ ಯುವಕ್' ಎಂಬ ಮಾಸಿಕವನ್ನೂ 'ರೈತವಾಣಿ' ಎಂಬ ಕನ್ನಡ ವಾರಪತ್ರಿಕೆಯನ್ನೂ ಸಂಪಾದಿಸಿದರು. ಆ ವರ್ಷವೇ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೊರಟರು. ಕರಾವಳಿಯ ಎಷ್ಟೋ ತಲೆಮಾರುಗಳ ತರುಣರು ಹಿಡಿದ ದಾರಿಯೇ ಅದು. ಚೌಪಾಟಿಯ ಬೆಂಚುಗಳ ಮೇಲೆ ಮಲಗಿದರೆ ನಡುರಾತ್ರಿ ಪೊಲೀಸಿನವರು ಬಂದು ಎಬ್ಬಿಸಿ ಅಟ್ಟುತ್ತಿದ್ದರಂತೆ. ಕೊನೆಗೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು.

ಆ ನಗರದಲ್ಲಿ ಅವರಿಗೆ ಇಬ್ಬರು ಗುರುಗಳು ದೊರೆತರು. ಒಬ್ಬರು ಸಮಾಜವಾದಿ ಚಿಂತಕ ರಾಮಮನೋಹರ ಲೋಹಿಯಾ. ಇನ್ನೊಬ್ಬರು ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ. ಡಿಮೆಲ್ಲೊ ಅವರೂ ನಮ್ಮ ಕರಾವಳಿಯ ಮೂಲದವರೇ. ಮುಂಬಯಿ ಬಂದರಿನ ಪಕ್ಕದ ಫ್ರಿಯರ್ ರಸ್ತೆಗೆ ಅವರ ಹೆಸರನ್ನೇ ಇಡಲಾಗಿದೆ. ಬಂದರಿನ ಕೂಲಿಯ ಬದುಕು ಆಗ ಹೇಗಿತ್ತೆಂಬುದನ್ನು ನೆನೆಯಬೇಕು. ಹಡಗು ಬಂದರೆ ಕೆಲಸ, ಬಾರದಿದ್ದರೆ ಇಲ್ಲ. ಬೆಳಗಾದರೆ ಬಾಗಿಲ ಮುಂದೆ ಗುಂಪುಗೂಡಿ ನಿಲ್ಲಬೇಕು. ತಂಡದ ಮೇಸ್ತ್ರಿ ಬೆರಳು ತೋರಿಸಿದವನಿಗೆ ಅಂದಿನ ಅನ್ನ. ಮೇಸ್ತ್ರಿಗೆ ಪಾಲು ಕೊಡದವನತ್ತ ಆ ಬೆರಳು ತಿರುಗುತ್ತಿರಲಿಲ್ಲ. ಈ ಅನಿಶ್ಚಯವನ್ನು ತಪ್ಪಿಸಲೆಂದು 1948ರಲ್ಲಿ ಕಾನೂನೊಂದು ಬಂದಿತ್ತು. ಆದರೆ ಕಾಗದದ ಮೇಲಿನ ಕಾನೂನು ಬಂದರಿನ ಕಟ್ಟೆಯವರೆಗೆ ನಡೆದು ಬರಬೇಕಾದರೆ ಅದನ್ನು ಕೈಹಿಡಿದು ಕರೆತರುವವರು ಬೇಕು. ಸಂಘದ ಕೆಲಸ ಅದೇ. 1958ರಲ್ಲಿ ಡಿಮೆಲ್ಲೊ ತೀರಿಕೊಂಡ ಮೇಲೆ ಆ ಹೊಣೆ ಬಹುಮಟ್ಟಿಗೆ ಶಿಷ್ಯನ ಹೆಗಲಿಗೆ ಬಂತು.

ಫರ್ನಾಂಡಿಸರ ವೈಶಿಷ್ಟ್ಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಮುಂಬಯಿಯ ಸಂಘಟನೆ ಅದುವರೆಗೆ ಮುಖ್ಯವಾಗಿ ಬಟ್ಟೆಯ ಗಿರಣಿಗಳಿಗೆ ಸೇರಿದ್ದು. ಇವರು ಗಿರಣಿಯ ಆಚೆಗೆ ನೋಡಿದರು. ಕಸ ಗುಡಿಸುವವರು, ಬಸ್ಸು ನಡೆಸುವವರು, ಟ್ಯಾಕ್ಸಿ ಚಾಲಕರು, ಹೋಟೆಲಿನ ಹುಡುಗರು, ಬಂದರಿನ ಹಮಾಲರು: ನಗರವನ್ನು ದಿನವೂ ನಡೆಸುವವರು ಇವರು, ಆದರೂ ನಗರದ ಕಣ್ಣಿಗೆ ಕಾಣಿಸದವರು. ಗಿರಣಿ ನಿಂತರೆ ಮಾಲೀಕನಿಗೆ ನಷ್ಟ. ಇವರು ನಿಂತರೆ ಊರೇ ನಿಲ್ಲುತ್ತದೆ. ಈ ಸರಳ ಸತ್ಯವನ್ನು ಅವರು ಕಂಡುಕೊಂಡರು. ಪತ್ರಿಕೆಗಳು ಅವರನ್ನು 'ಬಂದ್ ಸಾಮ್ರಾಟ' ಎಂದು ಕರೆದವು. ಆ ಬಿರುದಿನಲ್ಲಿ ಭಯವೂ ಇತ್ತು, ಮೆಚ್ಚುಗೆಯೂ ಇತ್ತು. ಆದರೆ ನಿಲ್ಲಿಸುವುದಷ್ಟೇ ಅವರ ವಿದ್ಯೆಯಾಗಿರಲಿಲ್ಲ. 1968ರಲ್ಲಿ ಕಾರ್ಮಿಕರಿಗಾಗಿ ಒಂದು ಸಹಕಾರಿ ಬ್ಯಾಂಕನ್ನೇ ಕಟ್ಟಿದರು. ದೊಡ್ಡ ಬ್ಯಾಂಕುಗಳ ಮೆಟ್ಟಿಲು ಹತ್ತಲು ಅಂಜುವ ಶ್ರಮಜೀವಿಗೂ ಸಾಲ ಸಿಗಬೇಕೆಂಬುದು ಅದರ ಉದ್ದೇಶ.

1961ರಲ್ಲಿ ಅವರು ಮುಂಬಯಿ ನಗರಸಭೆಯನ್ನು ಪ್ರವೇಶಿಸಿದರು. 1967ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ್ದು ದಕ್ಷಿಣ ಮುಂಬಯಿಯಿಂದ. ಎದುರಾಳಿ ಎಸ್. ಕೆ. ಪಾಟೀಲರು, ಮುಂಬಯಿಯ ಮುಕುಟವಿಲ್ಲದ ಅರಸನೆಂದು ಹೆಸರಾದವರು, ಆಗ ಕೇಂದ್ರದ ರೈಲ್ವೆ ಮಂತ್ರಿ. ಅವರು ಸೋತಾರೆಂದು ಯಾರೂ ಎಣಿಸಿರಲಿಲ್ಲ. ಆದರೂ ಸೋತರು. 'ದೈತ್ಯಸಂಹಾರಿ' ಎಂಬ ಇನ್ನೊಂದು ಬಿರುದು ಫರ್ನಾಂಡಿಸರಿಗೆ ಬಂತು. ಸೋಲಿಸಿದ್ದು ರೈಲ್ವೆ ಮಂತ್ರಿಯನ್ನು ಎಂಬುದನ್ನು ನೆನಪಿಡಿ. ರೈಲು ಈ ಬಾಳಿನಲ್ಲಿ ಮತ್ತೆ ಮತ್ತೆ ಬರುತ್ತದೆ.

1971ರ ಚುನಾವಣೆಯಲ್ಲಿ ಅವರೇ ಸೋತರು. 1973ರಲ್ಲಿ ಅಖಿಲ ಭಾರತ ರೈಲ್ವೆ ನೌಕರರ ಮಹಾಮಂಡಲದ ಅಧ್ಯಕ್ಷರಾದರು. ಸ್ವತಂತ್ರ ಭಾರತದ ಅತಿದೊಡ್ಡ ಮುಷ್ಕರಕ್ಕೆ ಅಲ್ಲಿಂದ ನಾಂದಿಯಾಯಿತು.

ಆ ಮುಷ್ಕರದ ಕಾರಣಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ರಿಟಿಷರ ಕಾಲದ ನಿಯಮದ ಪ್ರಕಾರ ಎಂಜಿನ್ ಚಾಲಕ, ಉರಿಗಾರ, ಗಾರ್ಡು ಇವರ ಕೆಲಸಕ್ಕೆ ಗಡಿಯಾರದ ಮಿತಿ ಸರಿಯಾಗಿ ಇರಲೇ ಇಲ್ಲ. ರೈಲು ಓಡುತ್ತಿರುವಷ್ಟು ಹೊತ್ತು ಅವರು ಕರ್ತವ್ಯದ ಮೇಲೆ. ರೈಲು ತಡವಾದರೆ ಹನ್ನೆರಡು ಗಂಟೆ, ಹದಿನಾಲ್ಕು ಗಂಟೆ ಆಗಬಹುದು. ಬೆಂಕಿಯ ಬಾಯಿಗೆ ಕಲ್ಲಿದ್ದಲು ಎರಚುತ್ತ ನಿಂತವನು ನಿಂತೇ ಇರಬೇಕು. 1973ರ ಆಗಸ್ಟಿನಲ್ಲಿ ಎಂಜಿನ್ ಸಿಬ್ಬಂದಿ ತಾವೇ ಮುಷ್ಕರ ಹೂಡಿ 10 ಗಂಟೆಯ ಮಿತಿಯ ಭರವಸೆ ಪಡೆದಿದ್ದರು. ಎಂಟು ಗಂಟೆ ಬೇಕೆಂಬುದು ಮುಂದಿನ ಬೇಡಿಕೆ. ಎರಡನೆಯ ಬೇಡಿಕೆ ಬೋನಸ್ಸಿನದು. 1965ರ ಕಾನೂನಿನಂತೆ ಕಾರ್ಖಾನೆಯ ಕಾರ್ಮಿಕನಿಗೆ ಬೋನಸ್ಸಿನ ಹಕ್ಕು ಉಂಟು. ಸರ್ಕಾರವೇ ನೇರವಾಗಿ ನಡೆಸುವ ರೈಲ್ವೆಯ ನೌಕರನಿಗೆ ಇಲ್ಲ. ಸರ್ಕಾರಿ ಉದ್ಯಮದಲ್ಲಿ ದುಡಿದವನಿಗೆ ಒಂದು ನ್ಯಾಯ, ಸರ್ಕಾರದ ಇಲಾಖೆಯಲ್ಲಿ ದುಡಿದವನಿಗೆ ಇನ್ನೊಂದು ನ್ಯಾಯ ಏಕೆಂಬುದು ಪ್ರಶ್ನೆ. ಇದರ ಜೊತೆಗೆ ಬೆಲೆಗಳು ಏರುತ್ತಿದ್ದ ಕಾಲ. ತುಟ್ಟಿಭತ್ಯ ಅದರ ಹಿಂದೆ ಏದುಸಿರು ಬಿಡುತ್ತ ಓಡುತ್ತಿತ್ತು.

ಮಾತುಕತೆ ನಡೆಯುತ್ತಿರುವಾಗಲೇ, 1974ರ ಮೇ 2ರಂದು, ಫರ್ನಾಂಡಿಸರನ್ನು ಲಖನೌದಲ್ಲಿ ದಸ್ತಗಿರಿ ಮಾಡಲಾಯಿತು. ಮೇ 8ರಂದು ಮುಷ್ಕರ ಆರಂಭವಾಯಿತು. ಸುಮಾರು 17 ಲಕ್ಷ ನೌಕರರು ಭಾಗವಹಿಸಿದರು. ಸರ್ಕಾರ ಅದನ್ನು ಕಾನೂನುಬಾಹಿರವೆಂದು ಸಾರಿತು. ಸಹಸ್ರಾರು ಮಂದಿ ಸೆರೆಯಾದರು, ಸಹಸ್ರಾರು ಮಂದಿ ಕೆಲಸ ಕಳೆದುಕೊಂಡರು. ರೈಲ್ವೆ ವಸತಿಗಳಿಂದ ಸಂಸಾರಗಳನ್ನು ಹೊರಹಾಕಲಾಯಿತು. ಆಗ ರಾಷ್ಟ್ರಪತಿ ಭವನದಲ್ಲಿದ್ದವರು ಯಾರು? ಇದೇ ಮಹಾಮಂಡಲದ ಹಳೆಯ ನಾಯಕರಾದ ವಿ. ವಿ. ಗಿರಿಯವರು. ನಾನು ಆರಂಭದಲ್ಲಿ ಎತ್ತಿದ ಪ್ರಶ್ನೆ ಇದಕ್ಕಿಂತ ತೀಕ್ಷ್ಣವಾಗಿ ಕಾಣುವ ಸನ್ನಿವೇಶ ಬೇರೊಂದಿಲ್ಲ. ಇಪ್ಪತ್ತು ದಿನಗಳ ತರುವಾಯ, ಮೇ 27ರಂದು, ಮುಷ್ಕರವನ್ನು ಯಾವ ಷರತ್ತೂ ಇಲ್ಲದೆ ಹಿಂತೆಗೆದುಕೊಳ್ಳಬೇಕಾಯಿತು.

ಅಂದರೆ ಮುಷ್ಕರ ಸೋತಿತು. ಆದರೆ ಮುಷ್ಕರಗಳ ಲೆಕ್ಕವನ್ನು ಕೊನೆಯ ದಿನದಂದೇ ಮುಗಿಸಲಾಗದು. ಕೆಲಸ ಕಳೆದುಕೊಂಡವರನ್ನು 1977ರ ಜನತಾ ಸರ್ಕಾರದ ರೈಲ್ವೆ ಮಂತ್ರಿ ಮಧು ದಂಡವತೆ ಮತ್ತೆ ಸೇರಿಸಿಕೊಂಡರು. 1979ರಲ್ಲಿ ರೈಲ್ವೆ ನೌಕರನಿಗೆ ಉತ್ಪಾದಕತೆಯ ಆಧಾರದ ಮೇಲೆ ಬೋನಸ್ ಬಂತು. ಇಂದು ದಸರೆಯ ಮುನ್ನ ರೈಲ್ವೆಯವರ ಬೋನಸ್ಸಿನ ಸುದ್ದಿ ಪತ್ರಿಕೆಯಲ್ಲಿ ಬಂದಾಗ, 1974ರ ಬೇಸಗೆಯಲ್ಲಿ ಪಾತ್ರೆಪಗಡಿಗಳೊಡನೆ ಬೀದಿಯಲ್ಲಿ ನಿಂತ ಸಂಸಾರಗಳು ಅದಕ್ಕೆ ತೆತ್ತ ಬೆಲೆ ಎಷ್ಟು ಜನರಿಗೆ ನೆನಪಾಗುತ್ತದೆ?

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಫರ್ನಾಂಡಿಸರು ಒರಿಸ್ಸಾದ ಗೋಪಾಲಪುರದ ಕಡಲ ತೀರದಲ್ಲಿದ್ದರು. ಅಲ್ಲಿಂದ ಭೂಗತರಾದರು. ಮೀನುಗಾರನಾಗಿ, ಸಿಖ್ಖನಾಗಿ, ಸಾಧುವಾಗಿ ವೇಷ ಬದಲಿಸುತ್ತ ಒಂದು ವರ್ಷದ ಹತ್ತಿರ ಹತ್ತಿರ ಪೊಲೀಸರ ಕೈಗೆ ಸಿಗದೆ ಓಡಾಡಿದರು. ಸರ್ಕಾರಿ ಕಟ್ಟಡಗಳನ್ನೂ ರೈಲುಹಳಿಗಳನ್ನೂ ಸಿಡಿಸಲು ಡೈನಮೈಟ್ ಸಂಗ್ರಹಿಸಿದರೆಂಬ ಆಪಾದನೆ ಅವರ ಮೇಲೂ ಇತರ 24 ಮಂದಿಯ ಮೇಲೂ ಬಂತು. ಬರೋಡಾ ಡೈನಮೈಟ್ ಮೊಕದ್ದಮೆ ಎಂದು ಪ್ರಸಿದ್ಧವಾದದ್ದು ಇದೇ. ಗಾಂಧಿಯ ನಾಡಿನಲ್ಲಿ ಪ್ರತಿಭಟನೆಗೆ ಸಿಡಿಮದ್ದು ಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಆಗಲೂ ಕೇಳಿದವರಿದ್ದರು, ಈಗಲೂ ಕೇಳಬೇಕಾದದ್ದೇ. ಎಲ್ಲ ಬಾಗಿಲುಗಳನ್ನೂ ಮುಚ್ಚಿದ ಸರ್ಕಾರ ಆ ಪ್ರಶ್ನೆ ಕೇಳುವ ಹಕ್ಕನ್ನು ತಾನು ಕಳೆದುಕೊಂಡಿತ್ತೆಂಬುದು ಬೇರೆ ಮಾತು.

ಈ ಕಥೆಯ ಒಂದು ಭಾಗ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಅಣ್ಣ ಸಿಗದಿದ್ದಾಗ ಪೊಲೀಸರು ತಮ್ಮನನ್ನು ಹಿಡಿದರು. 1976ರ ಮೇ 1ರಂದು, ಕಾರ್ಮಿಕರ ದಿನದಂದು, ಲಾರೆನ್ಸ್ ಫರ್ನಾಂಡಿಸರನ್ನು ಮನೆಯಿಂದ ಕರೆದೊಯ್ದರು. ಅಣ್ಣ ಎಲ್ಲಿದ್ದಾನೆಂದು ಹೇಳಿಸಲು ಅವರಿಗೆ ಕೊಟ್ಟ ಚಿತ್ರಹಿಂಸೆಯ ಬಗ್ಗೆ ತಾಯಿ ಆಲಿಸ್ ಅವರು ರಾಷ್ಟ್ರಪತಿಗೇ ಪತ್ರ ಬರೆದರು. ಇನ್ನೊಬ್ಬ ತಮ್ಮ ಮೈಕೇಲ್, ಬೆಂಗಳೂರಿನ ಕಾರ್ಮಿಕ ನಾಯಕರು, ಅವರೂ ಸೆರೆಯಲ್ಲಿದ್ದರು. ದೊರೆಯ ಹುಟ್ಟುಹಬ್ಬವನ್ನು ನೋಡಿ ಮಗನಿಗೆ ಹೆಸರಿಟ್ಟ ತಾಯಿ, ಒಬ್ಬ ಮಗ ತಲೆಮರೆಸಿಕೊಂಡು ಇಬ್ಬರು ಮಕ್ಕಳು ಜೈಲಿನಲ್ಲಿರುವಾಗ, ಅದೇ ದೊರೆತನದ ಬಾಗಿಲು ಬಡಿಯಬೇಕಾಯಿತು.

ಮೇ 2ರಂದು ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಲಾಯಿತು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಅವರನ್ನು ನಾವೆಲ್ಲ ಬಲ್ಲೆವು. ಪತಿ ಪಟ್ಟಾಭಿರಾಮ ರೆಡ್ಡಿಯವರೊಡನೆ ಫರ್ನಾಂಡಿಸರ ಆಪ್ತ ಸ್ನೇಹಿತರು. ಉಬ್ಬಸದ ರೋಗಿ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳಿಗೂ ಮಿಕ್ಕು ಇದ್ದರು. ಬರೋಡಾ ಮೊಕದ್ದಮೆಯ ಆಪಾದಿತರ ಅಂತಿಮ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಬಂದರು, 20ರಂದು ತೀರಿಕೊಂಡರು. ಜೈಲಿನಲ್ಲಿ ಅವರು ಬರೆದಿಟ್ಟ ದಿನಚರಿ ಮರಣಾನಂತರ ಪುಸ್ತಕವಾಗಿ ಬಂತು. ನಾಯಕನ ಬಾಳನ್ನು ಬರೆಯುವಾಗ ನಾಯಕನ ಸಾಹಸವನ್ನು ವಿವರವಾಗಿ ಬರೆದು, ಅವನಿಗಾಗಿ ನೋವುಂಡವರನ್ನು ಅಡಿಟಿಪ್ಪಣಿಗೆ ಇಳಿಸುವುದು ನಮ್ಮ ರೂಢಿ. ಆ ರೂಢಿ ಸರಿಯಲ್ಲ.

ಫರ್ನಾಂಡಿಸರು ಸಿಕ್ಕಿಬಿದ್ದದ್ದು 1976ರ ಜೂನ್ 10ರಂದು, ಕಲ್ಕತ್ತೆಯಲ್ಲಿ. ಯೂರೋಪಿನ ಸಮಾಜವಾದಿ ಧುರೀಣರಾದ ವಿಲ್ಲಿ ಬ್ರಾಂಟ್, ಬ್ರೂನೊ ಕ್ರೈಸ್ಕಿ, ಓಲೋಫ್ ಪಾಮೆ ಅವರ ಪರವಾಗಿ ದನಿ ಎತ್ತಿದರು. ಬೇಡಿ ತೊಡಿಸಿದ ಕೈಯನ್ನು ಮೇಲೆತ್ತಿ ನಿಂತ ಅವರ ಛಾಯಾಚಿತ್ರ ಆ ಕಾಲದ ಗುರುತಾಗಿ ಉಳಿಯಿತು. 1977ರ ಚುನಾವಣೆಯಲ್ಲಿ ಸೆರೆಮನೆಯಿಂದಲೇ ಬಿಹಾರದ ಮುಜಫ್ಫರಪುರದಿಂದ ಸ್ಪರ್ಧಿಸಿದರು. ಕ್ಷೇತ್ರಕ್ಕೆ ಒಮ್ಮೆಯೂ ಕಾಲಿಡಲಿಲ್ಲ. ಮೂರು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು. ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲಾಯಿತು. ಕೆಲವೇ ತಿಂಗಳ ಹಿಂದಿನ ಕೈದಿ ಕೇಂದ್ರ ಮಂತ್ರಿಯಾದರು.

ಕೈಗಾರಿಕಾ ಮಂತ್ರಿಯಾಗಿ ಅವರು ಮಾಡಿದ ಒಂದು ಕೆಲಸ ಜನರ ನೆನಪಿನಲ್ಲಿ ಗಟ್ಟಿಯಾಗಿ ನಿಂತಿದೆ. 1973ರ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ವಿದೇಶಿ ಕಂಪನಿಗಳು ಇಲ್ಲಿನ ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕಿತ್ತು. ಅದನ್ನು ಪಾಲಿಸಲೇಬೇಕೆಂದು ಅವರು ಹಟ ಹಿಡಿದರು. ಕೋಕಾ ಕೋಲಾ 1977ರಲ್ಲಿ, ಐಬಿಎಂ 1978ರಲ್ಲಿ ದೇಶ ಬಿಟ್ಟು ಹೋದವು. ಇದು ಸ್ವಾಭಿಮಾನವೋ ಹಟಮಾರಿತನವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದಕ್ಕಿಂತ ಕಡಿಮೆ ಸದ್ದು ಮಾಡಿದ, ಆದರೆ ಹೆಚ್ಚು ಕಾಲ ಬಾಳಿದ ಕೆಲಸ ಜಿಲ್ಲಾ ಕೈಗಾರಿಕಾ ಕೇಂದ್ರಗಳದು. ಸಣ್ಣ ಉದ್ದಿಮೆ ಮಾಡಹೊರಟವನು ರಾಜಧಾನಿಗೆ ಅಲೆಯದೆ ತನ್ನ ಜಿಲ್ಲೆಯಲ್ಲಿಯೇ ಕೆಲಸ ಮುಗಿಸಿಕೊಳ್ಳಲಿ ಎಂಬುದು 1978ರಲ್ಲಿ ಆರಂಭವಾದ ಆ ಯೋಜನೆಯ ಆಶಯ.

ಆದರೆ ಗಾದಿಯ ಗುಣವೇ ಬೇರೆ. 1979ರ ಜುಲೈಯಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರದ ಮೇಲೆ ಅವಿಶ್ವಾಸದ ನಿರ್ಣಯ ಬಂದಾಗ, ಫರ್ನಾಂಡಿಸರು ಲೋಕಸಭೆಯಲ್ಲಿ ಸರ್ಕಾರದ ಪರವಾಗಿ ಅಮೋಘವಾಗಿ ಮಾತನಾಡಿದರು. ಆ ಮಾತು ಆರುವ ಮುನ್ನವೇ ಅದೇ ಸರ್ಕಾರಕ್ಕೆ ರಾಜೀನಾಮೆ ಕೊಟ್ಟು ಹೊರನಡೆದರು. ಗೆಳೆಯರ ಒತ್ತಾಯಕ್ಕೆ ಮಣಿದರೆಂದು ಹೇಳುವವರಿದ್ದಾರೆ. ಕಾರಣ ಏನೇ ಇರಲಿ, ಬೀದಿಯಲ್ಲಿ ಅವರ ಮಾತಿಗಿದ್ದ ತೂಕ ಅಂದು ಸಭೆಯಲ್ಲಿ ಕಡಿಮೆಯಾಯಿತು. ಸಂಘದ ನಾಯಕನಿಗೆ ಮಾತೇ ಬಂಡವಾಳ. ರಾಜಕಾರಣಿಗೆ ಅದು ಚಲಾವಣೆಯ ನಾಣ್ಯ. ಬಂಡವಾಳವನ್ನು ನಾಣ್ಯವಾಗಿ ಮುರಿಸುತ್ತ ಹೋದರೆ ಒಂದು ದಿನ ಪೆಟ್ಟಿಗೆ ಬರಿದಾಗುತ್ತದೆ.

ರೈಲು ಮತ್ತೆ ಬಂತು. 1984ರಲ್ಲಿ ಬೆಂಗಳೂರು ಉತ್ತರದಿಂದ ಸ್ಪರ್ಧಿಸಿ, ರೈಲ್ವೆ ಖಾತೆಯ ರಾಜ್ಯ ಸಚಿವರಾಗಿದ್ದ ಜಾಫರ್ ಷರೀಫರ ಎದುರು ಸೋತರು. 1989ರಲ್ಲಿ ವಿ. ಪಿ. ಸಿಂಗರ ಸರ್ಕಾರದಲ್ಲಿ ತಾವೇ ರೈಲ್ವೆ ಮಂತ್ರಿಯಾದರು. ರೈಲು ನಿಲ್ಲಿಸಿದ್ದವರು ರೈಲು ಓಡಿಸುವ ಕುರ್ಚಿಯಲ್ಲಿ ಕುಳಿತರು. ಒಂದು ವರ್ಷವೂ ಪೂರ್ತಿ ಸಿಗಲಿಲ್ಲ. ಆ ಅವಧಿಯಲ್ಲಿಯೇ, 1990ರ ಜುಲೈಯಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಆಗ ಅರ್ಥ ಮಂತ್ರಿಯಾಗಿದ್ದ ದಂಡವತೆಯವರ ಬೆಂಬಲ, ಮುಖ್ಯಸ್ಥರಾಗಿ ಇ. ಶ್ರೀಧರನ್. ರೋಹಾದಿಂದ ಮಂಗಳೂರಿನ ಬಳಿಗೆ ಸುಮಾರು 740 ಕಿಲೋಮೀಟರ್. 90ಕ್ಕೂ ಹೆಚ್ಚು ಸುರಂಗಗಳು, ಎರಡು ಸಾವಿರದಷ್ಟು ಸೇತುವೆಗಳು. 1998ರಲ್ಲಿ ಪೂರ್ತಿ ದಾರಿ ತೆರೆಯಿತು. 1949ರಲ್ಲಿ ಕೆಲಸ ಹುಡುಕಿ ಮುಂಬಯಿಗೆ ಹೊರಟ ತರುಣನಿಗೆ ಈ ನೇರ ಹಳಿ ಇರಲಿಲ್ಲ. ಅಧಿಕಾರದಿಂದ ಏನು ಸಾಧ್ಯವೆಂದು ಕೇಳುವವರಿಗೆ ಇದೊಂದು ಉತ್ತರ.

ಇನ್ನೊಂದು ಉತ್ತರವೂ ಉಂಟು. ಅದು ಅಷ್ಟು ಹಿತವಾದದ್ದಲ್ಲ. 1994ರಲ್ಲಿ ನಿತೀಶ್ ಕುಮಾರರೊಡನೆ ಸಮತಾ ಪಕ್ಷವನ್ನು ಕಟ್ಟಿದರು. 1996ರಲ್ಲಿ ಭಾರತೀಯ ಜನತಾ ಪಕ್ಷದೊಡನೆ ಮೈತ್ರಿ ಮಾಡಿಕೊಂಡರು. 1998ರಲ್ಲಿ ವಾಜಪೇಯಿಯವರ ಸರ್ಕಾರದ ರಕ್ಷಣಾ ಮಂತ್ರಿ. ಅಣ್ವಸ್ತ್ರವನ್ನು ವಿರೋಧಿಸುತ್ತ ಬಂದ ಸಮಾಜವಾದಿಯ ಕಾಲದಲ್ಲಿಯೇ ಪೋಖ್ರಾಣದ ಸ್ಫೋಟಗಳು ನಡೆದವು, ಅವರು ಸಮರ್ಥಿಸಿದರು. ತೆಹಲ್ಕಾ ಪ್ರಕರಣದಿಂದ 2001ರ ಮಾರ್ಚಿಯಲ್ಲಿ ರಾಜೀನಾಮೆ, ಅಕ್ಟೋಬರಿನಲ್ಲಿ ಮರಳಿ ಮಂತ್ರಿ ಪದವಿ. 2002ರಲ್ಲಿ ಗುಜರಾತಿನ ಹಿಂಸಾಕಾಂಡದ ಬಗ್ಗೆ ಲೋಕಸಭೆಯಲ್ಲಿ ಅವರು ಸರ್ಕಾರದ ಪರವಾಗಿ ಆಡಿದ ಮಾತುಗಳು ಎಷ್ಟೋ ಮಂದಿ ಹಳೆಯ ಒಡನಾಡಿಗಳನ್ನು ನೋಯಿಸಿದವು. ಇಷ್ಟಾದರೂ ಆ ಮಂತ್ರಿಯ ಮನೆಗೆ ಗೇಟು ಇರಲಿಲ್ಲ. ಬರ್ಮಾದಿಂದ, ಟಿಬೆಟಿನಿಂದ ಓಡಿ ಬಂದವರಿಗೆ ಅಲ್ಲಿ ಆಶ್ರಯವಿತ್ತು. ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದರು. ಸಿಯಾಚಿನ್ನಿನ ಹಿಮದಲ್ಲಿ ನಿಂತ ಸಿಪಾಯಿಯನ್ನು ಕಾಣಲು ಮತ್ತೆ ಮತ್ತೆ ಹೋದರು. ಸಿಪಾಯಿಯನ್ನೂ ಅವರು ಒಬ್ಬ ಕಾರ್ಮಿಕನಾಗಿಯೇ ಕಂಡರೇನೋ ಎನಿಸುತ್ತದೆ.

ಒಬ್ಬ ಮನುಷ್ಯನ ಒಳಗೆ ಇವೆರಡೂ ಹೇಗೆ ಕೂಡಿದ್ದವು? ಸುಲಭವಾದ ವಿವರಣೆ ಒಂದಿದೆ: ಅಧಿಕಾರ ಕೆಡಿಸಿತು ಎನ್ನುವುದು. ಆದರೆ ಹಣ, ಭೋಗಗಳಿಗೆ ಆಸೆಪಟ್ಟ ಬಾಳಲ್ಲ ಇದು. ನನಗೆ ತೋರುವುದು ಬೇರೆ. ಸಂಘಟನೆಯ ಕಾಲದಲ್ಲಿ ಅವರ ಹಿಂದೆ ಪ್ರತಿದಿನ ಲೆಕ್ಕ ಕೇಳುವ ಜನ ಇದ್ದರು. ತಪ್ಪು ಒಪ್ಪಂದ ಮಾಡಿದರೆ ಮರುದಿನ ಬಂದರಿನ ಬಾಗಿಲಲ್ಲಿಯೇ ಮುಖಕ್ಕೆ ಹೇಳುವವರಿದ್ದರು. ಗಾದಿಗೆ ಬಂದಾಗ ಜೊತೆಗಿದ್ದವರು ಪಕ್ಷಗಳ ನಾಯಕರು, ಮೈತ್ರಿಯ ಪಾಲುದಾರರು. ಅವರು ಕೇಳುವ ಲೆಕ್ಕ ಬೇರೆಯದು. ನಾಯಕನನ್ನು ನೆಟ್ಟಗೆ ನಿಲ್ಲಿಸುವುದು ಅವನ ಗುಣವೊಂದೇ ಅಲ್ಲ, ಅವನ ಹಿಂದೆ ನಿಂತವರ ಕಾವಲೂ ಹೌದು. ಆ ಕಾವಲನ್ನು ದಿಲ್ಲಿಗೆ ಕೊಂಡೊಯ್ಯುವ ಉಪಾಯವನ್ನು ನಮ್ಮ ಕಾರ್ಮಿಕ ಚಳುವಳಿ ಇನ್ನೂ ಕಂಡುಕೊಂಡಿಲ್ಲ.

ಕೊನೆಯ ವರ್ಷಗಳು ದಾರುಣವಾದವು. 2009ರಲ್ಲಿ ಪಕ್ಷ ಟಿಕೆಟು ಕೊಡಲಿಲ್ಲ. ಮುಜಫ್ಫರಪುರದಿಂದ ಪಕ್ಷೇತರರಾಗಿ ನಿಂತು ಸೋತರು. ಆಮೇಲೆ ಮರೆವಿನ ರೋಗ. ಹತ್ತು ಭಾಷೆಗಳನ್ನು ಬಲ್ಲವರೆಂದು ಹೆಸರಾದ ಮನುಷ್ಯನಿಂದ ಮಾತು ಒಂದೊಂದಾಗಿ ಕಳಚಿಕೊಂಡಿತು. 2019ರ ಜನವರಿ 29ರಂದು ದಿಲ್ಲಿಯಲ್ಲಿ ತೀರಿಕೊಂಡರು. ದೇಹವನ್ನು ದಹನ ಮಾಡಿ ಚಿತಾಭಸ್ಮವನ್ನು ಕ್ರೈಸ್ತ ಸ್ಮಶಾನದಲ್ಲಿ ಹೂಳಲಾಯಿತು. 2020ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಸ್ನೇಹಲತಾ ರೆಡ್ಡಿಯವರು ಸೆರೆಯಿದ್ದ ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ ಈಗ ಜೈಲಲ್ಲ. 2008ರಿಂದ ಅದು ಸ್ವಾತಂತ್ರ್ಯ ಉದ್ಯಾನ. ನಗರದಲ್ಲಿ ಧರಣಿ ಕೂರುವವರು ಇಂದು ಅಲ್ಲಿಗೇ ಬರುತ್ತಾರೆ. ಪೌರಕಾರ್ಮಿಕರು ಬರುತ್ತಾರೆ, ಅಂಗನವಾಡಿಯ ಹೆಂಗಸರು ರಾತ್ರಿ ಚಳಿಯಲ್ಲಿ ಕಂಬಳಿ ಹೊದ್ದು ಕೂರುತ್ತಾರೆ. ಅವರ ಬೇಡಿಕೆಗಳನ್ನು ಓದಿದರೆ ಹೊಸದೇನೂ ಇಲ್ಲ: ಕೆಲಸಕ್ಕೆ ಭದ್ರತೆ, ಹೊತ್ತಿಗೆ ಸರಿಯಾದ ಸಂಬಳ, ಮನುಷ್ಯರೆಂಬ ಮನ್ನಣೆ. ಅವರ ನಡುವೆ ನಿಂತು ಮಾತನಾಡುವ ತರುಣನೋ ತರುಣಿಯೋ ನಾಳೆ ಗಾದಿಗೆ ಹೋಗಬಹುದು, ಹೋಗಲಿ. ಆದರೆ ಕಳಿಸಿಕೊಡುವವರು ಕಂಬಳಿ ಮಡಿಸಿಟ್ಟು ಮನೆಗೆ ಹೋಗಿ ಮಲಗಬಾರದು. ಜಾರ್ಜ್ ಫರ್ನಾಂಡಿಸರ ಬಾಳಿನಿಂದ ನಾನು ಕಲಿತ ಪಾಠ ಇಷ್ಟೇ.